ಸೋಮವ್ವನ ಸಾಹೇಬ

ಜಮಖಂಡಿ
22 ಜುಲೈ 2024

ಪೂಜ್ಯ ತಾರಾ ಅತ್ತಿಯವರ ಪಾದಗಳಿಗೆ ಹಾಲೇಶನ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮ. ಮೂವರೆಂದರೆ ನಾನು, ನಿಮ್ಮ ಸೊಸೆ ರೇಷ್ಮಾ ಮತ್ತು ಆಯಿಯ ಟಗರು.

ಮೊನ್ನೆ ಫೋನ್ ಮಾಡಿದಾಗ ನಾನು ‘ಆಯಿ ಕಲ್ಲು’ ಎಂದದ್ದು ನಿಮಗೆ ‘ಬಾಯಿ ಹಲ್ಲು’ ಎಂದು ಕೇಳಿಸಿ, ನೀವು ಬಾಗಲಕೋಟೆಯ ದಂತವೈದ್ಯರೊಬ್ಬರ ವಿಳಾಸ ಹೇಳಿ ಫೋನ್ ಇಟ್ಟಿರಿ. ನಿಮ್ಮ ಕಿವಿಗೆ ತೊಂದರೆ ಕೊಡುವುದು ಬೇಡವೆಂದು ಇನ್ನು ಮುಂದೆ ಎಲ್ಲವನ್ನೂ ಪತ್ರದ ಮೂಲಕವೇ ತಿಳಿಸುತ್ತೇನೆ.

ವಿಷಯ ಒಂದು: ಚಿಮ್ಮಡದಲ್ಲಿ ಆಯಿಯನ್ನು ಮಣ್ಣು ಮಾಡಿದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದಿದ್ದೇನೆ. ಒಕ್ಕಣೆ ಹೀಗಿದೆ: ‘ಶಾಂತಮೂರ್ತಿ, ಮಿತಭಾಷಿ, ಪರಮ ದೈವಭಕ್ತೆ, ಕೀರ್ತಿಶೇಶ ಶ್ರೀಮತಿ ಸೋಮವ್ವನವರು’. ನಮ್ಮ ಕಾಲೇಜಿನ ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ. ಬಹಳ ಗಂಭೀರವಾಗಿದೆ ಎಂದರು.

ವಿಷಯ ಎರಡು: ಟಗರು. ನನಗೆ ನೌಕರಿ ಸಿಕ್ಕರೆ ಬೀರಪ್ಪನಿಗೆ ಟಗರು ಕೊಡುತ್ತೇನೆಂದು ಆಯಿ ಹರಕೆ ಹೊತ್ತಿದ್ದು ನಿಮಗೆ ಗೊತ್ತೇ ಇದೆ. ನೌಕರಿ ಸಿಕ್ಕಿತು. ಆಯಿ ಒಂದು ಮರಿ ತಂದು ಅದಕ್ಕೆ ‘ಸಾಹೇಬ’ ಎಂದು ಹೆಸರಿಟ್ಟಳು. ವರ್ಷಗಳು ಕಳೆದವು, ಸಾಹೇಬ ಬೆಳೆದು ಕೋಡು ಸುತ್ತಿಸಿಕೊಂಡ, ಆದರೆ ಆಯಿಯ ಬಾಗಿಲು ಬಿಟ್ಟು ಕದಲಲಿಲ್ಲ. ಆಯಿ ತೀರಿದ ಮೇಲೆ ಮಾಡಿದ ದಿನದ ಊಟದ ಗದ್ದಲದಲ್ಲಿ ಗುಡಿಯ ಪೂಜಾರಿ ಅಮಸಿದ್ದಪ್ಪಜ್ಜ ನನ್ನನ್ನು ಪಕ್ಕಕ್ಕೆ ಕರೆದು, “ಹಾಲೇಶ, ಆ ಟಗರ ದೇವರದೈತಿ, ಮರೀಬ್ಯಾಡ” ಎಂದ. ನನಗೆ ಊಟ ಸೇರಲಿಲ್ಲ. ಹರಕೆ ತೀರಿಸದೆ ಆಯಿ ಹೋದಳೆಂದು ಊರವರು ಆಡಿಕೊಳ್ಳಬಾರದಲ್ಲ.

ನಮ್ಮ ಗುಡಿಯಲ್ಲಿ ಕಡಿಯುವ ಪದ್ಧತಿಯಿಲ್ಲ. ಒಪ್ಪಿಸಿದ ಟಗರನ್ನು ಪಂಚರು ಅಲ್ಲಿಯೇ ಲಿಲಾವು ಮಾಡಿ, ಹೆಚ್ಚು ಬೆಲೆ ಕೂಗಿದವರಿಗೆ ಕೊಡುತ್ತಾರೆ. ಕೊಳ್ಳುವವರು ಎಂಥವರು, ಒಯ್ದು ಏನು ಮಾಡುತ್ತಾರೆ ಎಂಬುದನ್ನು ನಾನು ಬರೆಯಬೇಕಿಲ್ಲ. ನಾನು ಮೊಮ್ಮಗ, ಆಯಿಯ ಮಗಳು ನೀವು. ನಿಮ್ಮ ಮಾತೇ ಕೊನೆಯದು.

ಚಿಮ್ಮಡದಲ್ಲಿ ಯಾರೂ ಅವನನ್ನು ಇಟ್ಟುಕೊಳ್ಳಲು ಒಪ್ಪದ ಕಾರಣ ಸದ್ಯ ನಮ್ಮ ಬಾಡಿಗೆ ಮನೆಯ ಮುಂದೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕಟ್ಟಿದ್ದೇನೆ. ಸ್ಕೂಟರ್ ರಸ್ತೆಯಲ್ಲಿದೆ.

ನಿಮ್ಮ ಉತ್ತರದ ದಾರಿ ನೋಡುವ,
ಹಾಲೇಶ


ಬೀಳಗಿ
29 ಜುಲೈ 2024

ಹಾಲೇಶನಿಗೆ ಆಶೀರ್ವಾದ.

ನಿನ್ನ ಒಕ್ಕಣೆ ಓದಿ, ಯಾರೋ ಬೇರೆ ಸೋಮವ್ವ ತೀರಿಕೊಂಡಿರಬೇಕು ಎಂದುಕೊಂಡೆ.

ಮಿತಭಾಷಿಯಂತೆ. ಬನಹಟ್ಟಿಯ ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೆಳಗೆ ನಿಂತವರ ಜೊತೆ ಮಾತು ಮುಗಿಯುವ ತನಕ ಡ್ರೈವರನನ್ನು ಬಿಡದವಳು ನಮ್ಮ ಅವ್ವ. ಶಾಂತಮೂರ್ತಿಯಂತೆ. ನಾನು ಸಣ್ಣವಳಿದ್ದಾಗ ಒಮ್ಮೆ ನಮ್ಮ ಕುರಿಗಳಿಗೆ ಕಾಲುಬೇನೆ ಬಂತು. ಅವ್ವ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಗುಡಿಗೆ ಹೋದಳು. ಕೈ ಮುಗಿಯಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಮರಿಗೋಳೆಲ್ಲಾ ಕುಂಟಾಕತ್ತಾವು. ನೀ ಕುರಿ ಕಾಯೋ ದೇವರೋ, ಇಲ್ಲಾ ಬರೇ ಕಂಬಳಿ ಹೊಚ್ಕೊಂಡ ಕುಂತಾಂವೋ?” ಎಂದಳು. ಒಳಗೆ ಪೂಜೆಗೆ ಕುಳಿತಿದ್ದವರು ಎದ್ದು ಹೊರಗೆ ಬಂದುಬಿಟ್ಟರು.

ಕುರಿಗಳು ವಾಸಿಯಾದ ಮೇಲೆ ಹೋಳಿಗೆ ಮಾಡಿಕೊಂಡು ಮತ್ತೆ ಹೋದಳು. ಅವತ್ತು ತನ್ನ ತಲೆ ಕೆಟ್ಟಿತ್ತೆಂದೂ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದೂ ದೇವರಿಗೆ ಸಮಾಧಾನ ಹೇಳಿದಳು. ಇಂಥವಳನ್ನು ಶಾಂತಮೂರ್ತಿ ಎಂದು ಕಲ್ಲಿನಲ್ಲಿ ಕೆತ್ತಿಸಿದರೆ ಚಿಮ್ಮಡದವರು ಕಲ್ಲು ನೋಡಿ ನಗುತ್ತಾರೆ.

ಟಗರಿನ ವಿಷಯ. ನಾನು ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದವಳು. ದೇವರ ಉಸಾಬರಿಗೆ ಹೋಗುವುದಿಲ್ಲ. ಆದರೆ ಅವ್ವ ಮಾತು ಕೊಟ್ಟಿದ್ದರೆ ಆ ಮಾತು ನಡೆಯಬೇಕು. ನನಗೆ ಟಗರಿನ ಮೇಲೆ ಮಮತೆಯೇನೂ ಇಲ್ಲ.

ಅವನಿಗೆ ಶೇಂಗಾ ಸುಲಿದು ಕೊಡಬೇಕು. ಸಿಪ್ಪೆ ಸಮೇತ ಕೊಟ್ಟರೆ ಮುಖ ತಿರುವುತ್ತಾನೆ. ಮಳೆಯಲ್ಲಿ ಕಟ್ಟಬೇಡ, ನೆಗಡಿಯಾಗುತ್ತದೆ. ಸುಮ್ಮನೆ ನೆನಪಾಯಿತು, ಬರೆದೆ.

ತಾರವ್ವ


ಜಮಖಂಡಿ
5 ಆಗಸ್ಟ್ 2024

ಪೂಜ್ಯ ಅತ್ತಿಯವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಹರಕೆ ತೀರಿಸುವ ಬಗ್ಗೆ ತಾವು ಆಜ್ಞೆ ಮಾಡಿದ್ದನ್ನು ತಿಳಿದೆ. ಅದರಂತೆ ಸೆಪ್ಟೆಂಬರ್ 2ನೇ ತಾರೀಖು, ಸೋಮವಾರ, ಶ್ರಾವಣ ಅಮಾವಾಸ್ಯೆಯಂದು ಟಗರನ್ನು ಗುಡಿಗೆ ಒಪ್ಪಿಸುವುದೆಂದು ನಿಶ್ಚಯಿಸಿದ್ದೇನೆ. ಪಂಚರಿಗೂ ಹೇಳಿಯಾಗಿದೆ.

ಇಲ್ಲಿಗೆ ಬಂದ ಮೊದಲಲ್ಲಿ ಅವನು ಏನನ್ನೂ ಮುಟ್ಟಲಿಲ್ಲ. ಶೇಂಗಾ ಸುಲಿದು ಕೊಟ್ಟೆವು, ಮೆಕ್ಕೆಜೋಳ ನೆನೆಸಿ ಕೊಟ್ಟೆವು, ಮೂಸಿಯೂ ನೋಡಲಿಲ್ಲ. ದನದ ಡಾಕ್ಟರು ಬಂದು ಬಾಯಿ ತೆಗೆಸಿ ನೋಡಿ, ರೋಗವೇನೂ ಇಲ್ಲವೆಂದರು. ಕೊನೆಗೆ ರೇಷ್ಮಾಳಿಗೆ ಸಾಕಾಗಿ, “ತಿಂದರ ತಿನ್ನು, ಇಲ್ಲಂದ್ರ ಹಾಳಾಗಿ ಹೋಗು” ಎಂದು ಬುಟ್ಟಿಯನ್ನು ಅವನ ಮುಂದೆ ಕುಕ್ಕಿದಳು. ತಕ್ಷಣ ತಿನ್ನತೊಡಗಿದ. ಆಗ ನನಗೆ ಹೊಳೆಯಿತು. ಆಯಿ ಅವನಿಗೆ ಬೈಯದೆ ಎಂದೂ ಮೇವು ಹಾಕಿದವಳಲ್ಲ. ಬೈಗುಳವಿಲ್ಲದ್ದು ಅವನಿಗೆ ಊಟವೇ ಅಲ್ಲ.

ಅಂದಿನಿಂದ ರೇಷ್ಮಾ ಬೆಳಿಗ್ಗೆ, ಸಂಜೆ ತಪ್ಪದೆ ಬೈಯುತ್ತಾಳೆ. ಅವಳ ಸ್ವಭಾವ ನಿಮಗೆ ಗೊತ್ತು, ಹಾಲಿನವನು ನೀರು ಬೆರೆಸಿದರೂ ಏನೂ ಅನ್ನುವವಳಲ್ಲ. ಈಗ ಅವಳ ದನಿ ಓಣಿಯ ತುದಿಗೆ ಕೇಳಿಸುತ್ತದೆ. ಮೇಲಿನ ಮನೆಯಲ್ಲಿರುವ ನಮ್ಮ ಮಾಲೀಕರು ಬಸಗೊಂಡಪ್ಪನವರು ಅದೆಲ್ಲ ನನಗೇ ಬೀಳುತ್ತಿದೆ ಎಂದು ತಿಳಿದು, ಮೊನ್ನೆ ನನ್ನನ್ನು ಚಹಾಕ್ಕೆ ಕರೆದು, ತಮ್ಮ ಮನೆಯಲ್ಲೂ ಮೊದಮೊದಲು ಹೀಗೇ ಇತ್ತೆಂದೂ ಧೈರ್ಯಗೆಡಬಾರದೆಂದೂ ಹೇಳಿದರು. ನಾನು ಟಗರಿನ ಕಡೆ ಕೈ ತೋರಿಸಿದೆ. ಅವರು ನಂಬಲಿಲ್ಲ. ಮರುದಿನ ಸಾಹೇಬ ಅವರಿಗೆ ಹಿಂದಿನಿಂದ ಕೋಡು ಕೊಟ್ಟು ಹಾಯ್ದ. ಆಮೇಲೆ ನಂಬಿದರು.

ತಾವು ಬರೆದಂತೆ ನನಗೂ ಅದರ ಮೇಲೆ ಅಂಥ ಮಮತೆಯೇನಿಲ್ಲ. ದೇವರ ವಸ್ತು ದೇವರಿಗೆ ಸೇರಲಿ.

ಹಾಲೇಶ


ಬೀಳಗಿ
12 ಆಗಸ್ಟ್ 2024

ಹಾಲೇಶನಿಗೆ,

ನಿನ್ನ ಮೊದಲ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ‘ಕೀರ್ತಿಶೇಷ’ದ ಕೊನೆಯಲ್ಲಿ ಬರುವುದು ಹೊಟ್ಟೆ ಸೀಳಿದ ಷ. ಕಲ್ಲಿನ ಮೇಲೆ ತಪ್ಪಾದರೆ ರಬ್ಬರಿನಿಂದ ಅಳಿಸಲು ಬರುವುದಿಲ್ಲ.

ಅಮಾವಾಸ್ಯೆಯೇ ಆಗಬೇಕು, ಪಂಚರಿಗೂ ಹೇಳಿಯಾಯಿತು. ಇಷ್ಟು ಚುರುಕನ್ನು ನಾನು ನಿನ್ನಲ್ಲಿ ಎಂದೂ ಕಂಡಿರಲಿಲ್ಲ. ನಾನು ‘ಮಾತು ನಡೆಯಬೇಕು’ ಎಂದು ಬರೆದೆ. ‘ಓಡಬೇಕು’ ಎಂದು ಬರೆದಿರಲಿಲ್ಲ. ಇರಲಿ. ಬಾಡಿಗೆ ಮನೆ, ಟಗರಿನ ವಾಸನೆ, ರಸ್ತೆಯಲ್ಲಿ ಸ್ಕೂಟರ್. ನಿನ್ನ ಕಷ್ಟ ನಿನಗೆ.

ನಾನು ಬರುವುದಿಲ್ಲ. ಬೀಳಗಿಯಿಂದ ಬಸ್ಸು ಬದಲಿಸುತ್ತ ಚಿಮ್ಮಡಕ್ಕೆ ಬರುವಂಥ ಮೊಣಕಾಲು ನನ್ನಲ್ಲಿ ಉಳಿದಿಲ್ಲ. ಅಲ್ಲದೆ ಮನೆಯಲ್ಲಿ ಕೆಲಸ ನಡೆದಿದೆ. ಹಿತ್ತಲಲ್ಲಿ ತಗಡು ಹಾಕಿಸುತ್ತಿದ್ದೇನೆ, ಕಟ್ಟಿಗೆ ಇಡಲು.

ರೇಷ್ಮಾಳಿಗೆ ಹೇಳು, ಅವ್ವ ಬೈಯುವಾಗ ಕೊನೆಯಲ್ಲಿ ಅವನ ಹೆಸರು ಹಿಡಿದು ಒಮ್ಮೆ ಕರೆಯುತ್ತಿದ್ದಳು. ಆಗ ನೀರು ಕುಡಿಯುತ್ತಿದ್ದ. ಇನ್ನು ಉಳಿದಿರುವುದು ಸ್ವಲ್ಪ ದಿನ, ಅಷ್ಟು ಮಾಡಲಿ.

ತಾರವ್ವ


ಜಮಖಂಡಿ
20 ಆಗಸ್ಟ್ 2024

ಅತ್ತಿಯವರಿಗೆ,

ತಿದ್ದಿದ ಪತ್ರ ತಲುಪಿತು. ಷ ಸರಿಪಡಿಸಿಕೊಂಡೆ.

ಹಿತ್ತಲಲ್ಲಿ ಕಟ್ಟಿಗೆಗೆ ತಗಡು ಹಾಕಿಸುತ್ತಿರುವುದು ತಿಳಿದು ಸಂತೋಷ. ನಿಮ್ಮ ಮನೆಯಲ್ಲಿ ಗ್ಯಾಸ್ ಇದೆಯೆಂದು ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ.

ಟಗರನ್ನು ಒಪ್ಪಿಸಿದ ಕೂಡಲೇ ನಾನು ಹಿಂದಿರುಗುತ್ತೇನೆ. ಲಿಲಾವಿಗೆ ನಿಲ್ಲುವುದಿಲ್ಲ. ಕಚೇರಿಯಲ್ಲಿ ಪ್ರವೇಶದ ಕೆಲಸ ಬಹಳ ಇದೆ.

ರೇಷ್ಮಾ ಟಗರಿಗೆ ಬೈಯುತ್ತಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಹಾಲೇಶ


ಬೀಳಗಿ
2 ಸೆಪ್ಟೆಂಬರ್ 2024, ಅಮಾವಾಸ್ಯೆ

ಹಾಲೇಶ,

ಈ ಕಾಗದ ನಿನ್ನ ಕೈ ಸೇರುವಾಗ ಸಾಹೇಬ ನನ್ನ ಹಿತ್ತಲಲ್ಲಿ ಇರುತ್ತಾನೆ. ಸಿಟ್ಟು ಮಾಡುವುದಿದ್ದರೆ ಈಗಲೇ ಮಾಡಿ ಮುಗಿಸು.

ತಗಡು ಹಾಕಿಸಿದ್ದು ಅವನಿಗೆ. ಪಕ್ಕದ ಮನೆಯ ಶಂಕರೆಪ್ಪನನ್ನು ಬೆಳಿಗ್ಗೆಯೇ ಚಿಮ್ಮಡಕ್ಕೆ ಕಳಿಸಿದ್ದೇನೆ. ಯಾರು ಎಷ್ಟೇ ಕೂಗಲಿ, ಅವರಿಗಿಂತ ಒಂದು ಕೂಗು ಮೇಲೆ ಕೂಗಬೇಕು, ಟಗರಿಲ್ಲದೆ ಮರಳಿ ಬರಬಾರದು ಎಂದು ಹೇಳಿ ಕಳಿಸಿದ್ದೇನೆ. ಹರಕೆಯೂ ತೀರಿತು, ಅವ್ವನ ಮಾತೂ ಉಳಿಯಿತು. ಕೊಂಡವರು ಅದನ್ನು ಏನು ಮಾಡಬೇಕೆಂದು ಹರಕೆಯಲ್ಲಿ ಹೇಳಿಲ್ಲವಲ್ಲ.

ಮಮತೆಯಿಲ್ಲವೆಂದು ನಾನು ಬರೆದದ್ದು ನಿಜ. ಹಿರಿಯರು ಹಾಗೆಯೇ ಬರೆಯುತ್ತಾರೆ. ನೀನಾದರೂ ಬಾಯಿ ಬಿಟ್ಟು ಬೇಡವೆನ್ನುತ್ತೀ ಎಂದು ಕಾದೆ. ಕಾಗದದ ಮೇಲೆ ಕಾಗದ ಬಂತು, ಆ ಮಾತು ಬರಲಿಲ್ಲ. ಅವ್ವ ತೀರಿದ ಮೇಲೆ ದಿನವೂ ಅವಳ ಸದ್ದು ಕೇಳಿದ ಜೀವ ಅದೊಂದೇ ಇದೆ ಎಂದು ನನಗೆ ಅನ್ನಿಸಿದ್ದು ನಿನಗೇಕೆ ಅನ್ನಿಸಲಿಲ್ಲ?

ಸಂಜೆಯಾಯಿತು. ಶಂಕರೆಪ್ಪ ಇನ್ನೂ ಬಂದಿಲ್ಲ. ಟಗರಿನ ಜೊತೆ ಬಸ್ಸು ಹತ್ತಲು ನೋಡುತ್ತಿರಬೇಕು.

ತಾರವ್ವ


ಜಮಖಂಡಿ
3 ಸೆಪ್ಟೆಂಬರ್ 2024

ಅತ್ತೀ,

ಶಂಕರೆಪ್ಪನವರು ಇಷ್ಟರಲ್ಲಿ ನಿಮಗೆ ಹೇಳಿರಬಹುದು. ಆದರೂ ನನ್ನ ಬಾಯಿಂದ ಕೇಳಿ.

ನಿನ್ನೆ ನಾನೂ ರೇಷ್ಮಾಳೂ ಸಾಹೇಬನನ್ನು ಟಂಟಂ ಗಾಡಿಯಲ್ಲಿ ನಿಲ್ಲಿಸಿಕೊಂಡು ಚಿಮ್ಮಡಕ್ಕೆ ಹೋದೆವು. ಗುಡಿಯ ಮುಂದೆ ಡೊಳ್ಳು ಬಾರಿಸುತ್ತಿದ್ದರು. ಇಳಿಸಿದ್ದೇ ತಡ, ಹಗ್ಗ ಕಿತ್ತುಕೊಂಡು ತಾನೇ ಗುಡಿ ಸುತ್ತು ಹಾಕಿ ಬಂದು, ಬಾಗಿಲ ಮುಂದೆ ನಿಂತುಬಿಟ್ಟ. ಜನ ನಕ್ಕರು. ನಾನು ಅವನ ಹಣೆಗೆ ಭಂಡಾರದ ಅರಿಷಿಣ ಹಚ್ಚಿ ಪಂಚರ ಕೈಗೆ ಒಪ್ಪಿಸಿದೆ. ಅಮಸಿದ್ದಪ್ಪಜ್ಜ ಒಳಗೆ ಪೂಜೆಯಲ್ಲಿದ್ದ. ಆಮೇಲೆ ಹಿಂದಿರುಗಲಿಲ್ಲ. ಬೇವಿನ ಗಿಡದ ಮರೆಯಲ್ಲಿ ನಿಂತೆ.

ಯಾಕೆಂದರೆ ಲಿಲಾವಿನಲ್ಲಿ ಕೂಗಲು ನಮ್ಮ ಕಚೇರಿಯ ವೀರೇಶನನ್ನು ನಾನೇ ಕರೆತಂದಿದ್ದೆ. ಎಷ್ಟಾದರೂ ಬಿಡಬೇಡ ಎಂದಿದ್ದೆ. ನಾನೇ ಒಪ್ಪಿಸಿ ನಾನೇ ಕೊಂಡರೆ ದೇವರ ಜೊತೆ ಆಟ ಆಡಿದ ಎನ್ನುತ್ತಾರೆಂದು ಅವನನ್ನು ಮುಂದೆ ಬಿಟ್ಟಿದ್ದೆ. ಅವನಿಗೆ ಕಣ್ಣು ಬೇನೆಯಾಗಿ ಕರಿ ಗಾಜಿನ ಚಾಳೀಸು ಹಾಕಿಕೊಂಡಿದ್ದ. ಈ ಉಪಾಯವನ್ನು ನಿಮಗೆ ಬರೆಯಲಿಲ್ಲ. ಹರಕೆ ತೀರಿಸು ಎಂದು ನೀವು ಖಡಕ್ಕಾಗಿ ಬರೆದ ಮೇಲೆ ಏನೆಂದು ಬರೆಯಲಿ?

ಮೊದಲು ನಾಲ್ಕಾರು ಜನ ಕೂಗಿದರು. ಬೇಗ ಹಿಂದೆ ಸರಿದರು. ಉಳಿದವರು ಇಬ್ಬರೇ. ಒಬ್ಬ ನಮ್ಮ ವೀರೇಶ. ಇನ್ನೊಬ್ಬ ಯಾರೋ ದಪ್ಪ ಮೀಸೆಯ ಮನುಷ್ಯ, ಹೆಗಲ ಮೇಲೆ ಟಾವೆಲು. ಮಾಂಸದ ವ್ಯಾಪಾರಿ ಇರಬೇಕೆಂದುಕೊಂಡೆ. ಬೆಲೆ ಟಗರಿನದನ್ನು ದಾಟಿತು, ಹೋರಿಯದನ್ನು ದಾಟಿತು, ಎಮ್ಮೆಯ ಬೆಲೆಗೆ ಬಂತು. ವೀರೇಶ ನಡುನಡುವೆ ನನ್ನ ಕಡೆ ತಿರುಗಿ ನೋಡುತ್ತಾನೆ, ನಾನು ಗಿಡದ ಹಿಂದಿನಿಂದ ಕೈ ಬೀಸುತ್ತೇನೆ. ಆ ಮೀಸೆಯವರು ಬೆವರು ಒರೆಸಿಕೊಂಡು ಮತ್ತೆ ಕೂಗುತ್ತಾರೆ. ಪಂಚರಿಗೆ ಮುಖದ ತುಂಬ ನಗೆ. ಒಬ್ಬರು ಆಗಲೇ ಗುಡಿಯ ಮಾಳಿಗೆ ರಿಪೇರಿಗೆ ಗೌಂಡಿಯನ್ನು ಕರೆಯಲು ಹೇಳುತ್ತಿದ್ದರು.

ಆಗ ಅಮಸಿದ್ದಪ್ಪಜ್ಜ ಹೊರಗೆ ಬಂದ.

“ನಿಲ್ಲಸ್ರಿ. ಯಾರ ಟಗರ ಯಾರ ಮಾರಾಕತ್ತೀರಿ?”

ಸೋಮವ್ವನ ಹರಕೆಯ ಟಗರು, ಮೊಮ್ಮಗ ಈಗ ಒಪ್ಪಿಸಿದ್ದಾನೆ ಎಂದು ಪಂಚರು ಹೇಳಿದರು.

“ಈಗಲ್ಲಪಾ,” ಎಂದ ಅಜ್ಜ. “ಅದು ಮರಿ ಇದ್ದಾಗನ ಸೋಮವ್ವ ಒಪ್ಪಿಸ್ಯಾಳ. ಇಲ್ಲೇ, ನನ್ನ ಕಣ್ಣ ಮುಂದ. ‘ಬೀರಪ್ಪಾ, ಇದು ನಿಂದಾತು. ಆದರ ನಿನಗ ಮೇಯ್ಸಾಕ ಆಗೂದಿಲ್ಲ, ನೀ ಗುಡಿ ಬಿಟ್ಟ ಬರೂ ಹಂಗಿಲ್ಲ. ನಾ ಮೇಯ್ಸತೀನಿ’ ಅಂದ್ಲು. ಆಮ್ಯಾಲ ಅಮಾಸಿ ಅಮಾಸಿಗೆ ತಂದ ತೋರಸತಿದ್ಲು. ‘ನೋಡ್ಕೊ, ನಿಂದು ಛಲೋ ಐತಿ’ ಅಂತ.”

ನಾನು ಗಿಡದ ಮರೆ ಬಿಟ್ಟು ಬಂದೆ. ಮತ್ತೆ ದಿನದ ಊಟದಲ್ಲಿ ನನಗೆ ಟಗರು ದೇವರದು ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ.

“ದೇವರದೈತಿ ಅಂದ್ನಿ. ಮಾರು ಅಂದ್ನೇನು?”

ಅತ್ತೀ, ನಿಮ್ಮ ಕೆಂಪು ಶಾಯಿಯೂ ನನ್ನನ್ನು ಅಷ್ಟು ಚುಚ್ಚಿರಲಿಲ್ಲ.

ಆಮೇಲೆ ಅಜ್ಜ ಜನರ ಕಡೆ ತಿರುಗಿ, ಸೋಮವ್ವ ಹೋದಳು, ಇನ್ನು ಇದನ್ನು ಮೇಯಿಸುವವರು ಯಾರು ಎಂದು ಕೇಳಿದ. ವೀರೇಶನೂ ಆ ಮೀಸೆಯವರೂ ಒಟ್ಟಿಗೆ ಕೈ ಎತ್ತಿದರು.

“ನಾ ಹಾಲೇಶನ ಕಡಿಯಾಂವ್ರಿ,” ಎಂದ ವೀರೇಶ.

“ನಾ ಬೀಳಗಿ ತಾರಕ್ಕಾರ ಕಡಿಯಾಂವ್ರಿ,” ಎಂದರು ಅವರು, ಅಂದರೆ ನಿಮ್ಮ ಶಂಕರೆಪ್ಪನವರು.

ಡೊಳ್ಳಿನವರು ಡೊಳ್ಳು ಕೆಳಗಿಟ್ಟು ನಕ್ಕರು. ಅಜ್ಜ ನಗುತ್ತ ನಗುತ್ತ ಕೆಮ್ಮು ಬಂದು ಕಟ್ಟೆಯ ಮೇಲೆ ಕುಳಿತ. ರೇಷ್ಮಾ ಇಷ್ಟು ದಿನದ ಮೇಲೆ ನನ್ನ ಜೊತೆ ಮಾತಾಡಿದಳು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಸಾಹೇಬ ಸದ್ಯ ಅಜ್ಜನ ಕುರಿಗಳ ಜೊತೆ ಇದ್ದಾನೆ. ನಾವು ಕೂಗಿದ್ದು ಸುಳ್ಳಾಗಬಾರದೆಂದು ಮಾಳಿಗೆಯ ರಿಪೇರಿಗೆ ನೀವೂ ನಾನೂ ಕೈಲಾದಷ್ಟು ಕೊಡೋಣ ಎಂದು ಪಂಚರಿಗೆ ಮಾತು ಕೊಟ್ಟು ಬಂದಿದ್ದೇನೆ. ನಿಮ್ಮನ್ನು ಕೇಳದೆ ಕೊಟ್ಟೆ. ಈ ಸಲ ನಿಮ್ಮ ಉತ್ತರಕ್ಕೆ ಕಾಯಲಿಲ್ಲ.

ನಿಮ್ಮ ಹಾಲೇಶ


ಬೀಳಗಿ
9 ಸೆಪ್ಟೆಂಬರ್ 2024

ಪ್ರೀತಿಯ ಹಾಲೇಶ,

ಶಂಕರೆಪ್ಪ ಬರಿಗೈಯಲ್ಲಿ ಬಂದು, ಯಾರೋ ಕರಿ ಚಾಳೀಸಿನ ರೌಡಿ ಅಡ್ಡ ಬಂದನೆಂದು ಹೇಳಲು ಶುರು ಮಾಡಿದ. ನಾನು ಅರ್ಧಕ್ಕೇ ಸಿಟ್ಟಾಗಿ ಒಳಗೆ ಎದ್ದು ಹೋದೆ. ಪಾಪ, ಉಳಿದ ಅರ್ಧವನ್ನು ಬಾಗಿಲ ಹೊರಗೆ ನಿಂತು ಕೂಗಿ ಹೇಳಿದ್ದಾನೆ, ಓಣಿಯವರೆಲ್ಲ ಕೇಳಿದ್ದಾರೆ, ನನಗೊಬ್ಬಳಿಗೇ ಕೇಳಿಸಿಲ್ಲ. ನಿನ್ನ ಪತ್ರ ಬಂದ ಮೇಲೆಯೇ ಕಥೆ ಪೂರ್ತಿಯಾಯಿತು. ಓದಿ ನಕ್ಕೆ. ಮತ್ತೆ ಓದಿದೆ. ಎರಡನೆಯ ಸಲ ನಗು ಬರಲಿಲ್ಲ.

ಭಕ್ತಿಯೆಂದರೆ ಬೇಡುವುದು, ಕೊಟ್ಟರೆ ಹೊಗಳುವುದು ಎಂದು ನಾನು ತಿಳಿದಿದ್ದೆ. ಅದಕ್ಕೇ ಅದರಿಂದ ದೂರ ಇದ್ದೆ. ಅವ್ವ ಬೇಡಿದ್ದನ್ನು ನಾನು ನೋಡಿಲ್ಲ, ಹಾಲೇಶ. ಪಕ್ಕದ ಹೊಲದವನ ಜೊತೆ ಇದ್ದಂತೆ ಬೀರಪ್ಪನ ಜೊತೆ ಇದ್ದಳು. ನಿನ್ನ ಕೈಲಾಗದ್ದು ನಾನು ಮಾಡುತ್ತೇನೆ, ನನ್ನ ಕೈಲಾಗದ್ದು ನೀನು ಮಾಡು, ತಪ್ಪಿದರೆ ಬೈಯುತ್ತೇನೆ. ನಮ್ಮ ಕುರಿ ಎಂದು ಅವಳ ಬಾಯಲ್ಲಿ ಬಂದದ್ದೂ ನನಗೆ ನೆನಪಿಲ್ಲ. ಬೀರಪ್ಪನ ಕುರಿ ಎನ್ನುತ್ತಿದ್ದಳು. ಅದು ಮಾತಿನ ರೂಢಿ ಎಂದುಕೊಂಡಿದ್ದೆ. ಅವಳು ಅದನ್ನು ನಿಜವೆಂದೇ ಹೇಳುತ್ತಿದ್ದಳು.

ಕಲ್ಲಿನ ಒಕ್ಕಣೆ ಹೀಗಿರಲಿ: ‘ಸೋಮವ್ವ. ಬೀರಪ್ಪನ ಕುರಿ ಮೇಯಿಸಿದಳು.’ ಇದರಲ್ಲಿ ಷ ಎಲ್ಲಿಯೂ ಇಲ್ಲ. ನಿನಗೆ ಅನುಕೂಲ.

ಮಾಳಿಗೆಗೆ ನನ್ನ ಪಾಲು ಕಳಿಸುತ್ತೇನೆ. ಟಗರು ಅಜ್ಜನ ಹತ್ತಿರವೇ ಇರಲಿ, ಅವನಿಗೆ ಬಯಲು ಬೇಕು. ಆದರೆ ಅಜ್ಜನಿಗೂ ವಯಸ್ಸಾಗಿದೆ. ಭಾನುವಾರ ನೀನು ಹೋಗಿ ಮೇಯಿಸು. ಅಮಾವಾಸ್ಯೆಗೆ ನಾನು ಬರುತ್ತೇನೆ. ಮೊಣಕಾಲು ಇದೆ, ಅಷ್ಟೊಂದು ಕೆಟ್ಟಿಲ್ಲ.

ತಗಡಿನ ಕೆಳಗೆ ಈಗ ಖರೇ ಕಟ್ಟಿಗೆ ತರಿಸಿ ಇಟ್ಟಿದ್ದೇನೆ. ಓಣಿಯವರು ಕೇಳಿದರೆ ಏನಾದರೂ ತೋರಿಸಬೇಕಲ್ಲ.

ನಿನ್ನ ಅತ್ತಿ,
ತಾರಾ


ಜಮಖಂಡಿ
23 ಸೆಪ್ಟೆಂಬರ್ 2024

ಅತ್ತೀ,

ಕಲ್ಲು ನಿಲ್ಲಿಸಿದೆವು. ಅಕ್ಷರ ಕೆತ್ತುವವನು ಇಷ್ಟೇ ಏನು, ಪೂಜ್ಯ, ಶ್ರೀಮತಿ ಏನೂ ಬೇಡವೇ ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೆ ಖಾಲಿ ಜಾಗದಲ್ಲಿ ಪುಕ್ಕಟೆಯಾಗಿ ಒಂದು ಕುರಿ ಕೆತ್ತಿಕೊಟ್ಟ. ಸ್ವಲ್ಪ ನಾಯಿಯ ಹಾಗೆ ಕಾಣುತ್ತದೆ.

ನಿನ್ನೆ ಭಾನುವಾರ ಸಾಹೇಬನನ್ನು ಮೇಯಿಸಲು ಹೋಗಿದ್ದೆ. ರೇಷ್ಮಾ ಬೈದು ಶೇಂಗಾ ತಿನ್ನಿಸಿ ಅಜ್ಜನ ಮನೆಯವರ ಜೊತೆ ಮಾತಿಗೆ ಕುಳಿತಳು. ನಾನೊಬ್ಬನೇ ಹಗ್ಗ ಹಿಡಿದು ಬದುವಿನ ಮೇಲೆ ಹೋದೆ. ಕಚೇರಿಯ ಬೂಟು ಎರೆಮಣ್ಣಿನಲ್ಲಿ ಸಿಕ್ಕು ಒಂದು ಹೆಜ್ಜೆಗೆ ಒಂದು ಕಳಚುತ್ತಿತ್ತು. ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅಷ್ಟರಲ್ಲಿ ಅವನು ಹಗ್ಗ ಬಿಡಿಸಿಕೊಂಡು ಯಾರದೋ ಮೆಕ್ಕೆಜೋಳಕ್ಕೆ ನುಗ್ಗಿದ. ನಾನು ಹಿಂದಿನಿಂದ ಓಡುತ್ತ ಕೂಗಿದೆ.

“ಏ ಸಾಹೇಬ, ಬಾ ಇಕಾಡೆ. ಮಂದಿ ಹೊಲಾ ನಿಮ್ಮಪ್ಪಂದೇನು?”

ಅತ್ತೀ, ಆ ದನಿ ನನ್ನದಾಗಿರಲಿಲ್ಲ. ಆಯಿಯ ರಾಗ, ಆಯಿ ಎಳೆಯುವ ಹಾಗೆ ಕೊನೆಯಲ್ಲಿ ಎಳೆದದ್ದು. ನನ್ನ ಗಂಟಲಿನಿಂದ ಹೇಗೆ ಬಂತೋ ತಿಳಿಯದು. ಸಾಹೇಬ ಬಾಯಲ್ಲಿ ಗರಿ ಹಿಡಿದವನು ಹಾಗೆಯೇ ತಲೆ ಎತ್ತಿ ನಿಂತ. ನನ್ನ ಹಿಂದೆ ಯಾರನ್ನೋ ಹುಡುಕಿದ. ಆಮೇಲೆ ಮೆಲ್ಲಗೆ ಬಂದು ನನ್ನ ಮೊಣಕಾಲಿಗೆ ತಲೆ ಆನಿಸಿದ.

ಆಯಿ ತೀರಿದ ದಿನದಿಂದ ಶಾಮಿಯಾನ, ಕುರ್ಚಿ, ಅಕ್ಕಿ, ಊಟದ ಪಂಕ್ತಿ ಎಂದು ನಾನು ಓಡಾಡಿದ್ದೇ ಬಂತು. ಎಲ್ಲರೂ ಅಳುವಾಗ ನಾನು ಉಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಆಮೇಲೆ ಕಲ್ಲು, ಆಮೇಲೆ ಹರಕೆ. ನಿನ್ನೆ ಬದುವಿನ ಮೇಲೆ ಕುಳಿತವನಿಗೆ ಎದ್ದೇಳಲಾಗಲಿಲ್ಲ. ಸಣ್ಣ ಹುಡುಗರು ಅಳುವ ಹಾಗೆ ಅತ್ತೆ. ಸಾಹೇಬ ಪಕ್ಕದಲ್ಲಿ ನಿಂತು ನನ್ನ ಕರವಸ್ತ್ರ ತಿಂದ.

ಆ ಹೊಲದ ಯಜಮಾನ ಇರಬೇಕು, ವಯಸ್ಸಾದವರು, ಸೈಕಲ್ ತಳ್ಳಿಕೊಂಡು ಬಂದರು. ತಮ್ಮ ಮೆಕ್ಕೆಜೋಳ ನೋಡಿದರು, ಟಗರು ನೋಡಿದರು, ನನ್ನನ್ನು ನೋಡಿದರು. ಬೈಯಬೇಕೆಂದೇ ಬಂದಿದ್ದರೇನೋ, ಬೈಯಲಿಲ್ಲ.

“ಯಾಕ್ರಿ ಸರ, ಟಗರ ಕೋಡಿಲೆ ಹಾದೈತೇನ್ರಿ?” ಎಂದು ಕೇಳಿದರು.

“ಹೂಂನ್ರಿ. ಜೋರ ಹಾದೈತಿ.”

ಅವರು ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ನನ್ನ ಹತ್ತಿರ ಕುಳಿತರು. ಆಮೇಲೆ ಎದ್ದು, “ಅರಿಷಿಣ ಬಿಸಿ ಮಾಡಿ ಹಚ್ಚರಿ. ಒಂದಷ್ಟ ದಿನಾ ನೋವಿರತೈತಿ, ಆಮ್ಯಾಲ ತಾನ ಇಳೀತೈತಿ” ಎಂದು ಹೇಳಿ ಹೋದರು.

ನಿಮ್ಮ,
ಹಾಲೇಶ